ಒಳಗೇ ಉಳಿದ ಕೊಳವೆ: ಒಂದು ಕಿಡ್ನಿ ಕಲ್ಲಿನ ಪ್ರಕರಣ

ಭಾವನ ಡಿಸ್ಚಾರ್ಜ್ ಪತ್ರದ ಎರಡನೆಯ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ವೈದ್ಯರ ಸಹಿಗೆ ತುಸು ಮೇಲೆ ಒಂದು ಸಾಲು ಇತ್ತು: ‘ಡಿಜೆಎಸ್ ಇನ್ ಸಿಟು’. ಅದರ ಮುಂದೆ, ಮೂರು ವಾರಕ್ಕೆ ಮರುಭೇಟಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಮನೆಯಲ್ಲಿ ಡಿಜೆ ಎಂದರೆ ಗಣೇಶನ ಮೆರವಣಿಗೆಯಲ್ಲಿ ಎದೆ ನಡುಗಿಸುವ ಪೆಟ್ಟಿಗೆ. ಈ ಡಿಜೆ ಬೇರೆಯದು. ಎಡಗಡೆಯ ಮೂತ್ರನಾಳದೊಳಗೆ ಒಂದು ಕೊಳವೆ ಬಿಟ್ಟಿದ್ದೇವೆ, ಬಂದು ತೆಗೆಸಿಕೊಳ್ಳಿ ಎಂಬುದು ಆ ಮೂರು ಪದಗಳ ಅರ್ಥ. ಭಾವ ಆಸ್ಪತ್ರೆಗೆ ಹೋದದ್ದು ಏಳು ತಿಂಗಳ ಮೇಲೆ, ಅದೂ ಚಳಿಜ್ವರ ಹಿಡಿದು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಬೇಡ ಎಂದರು, ಬಿಟ್ಟಿದ್ದೇನೆ. ಶಸ್ತ್ರಚಿಕಿತ್ಸೆಯಲ್ಲಿ ಯಾರೂ ತಪ್ಪು ಮಾಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪಿದ್ದು ಅದರ ಆಚೆಗೆ, ಬಿಲ್ ಕಟ್ಟಿ ಆಟೋ ಹತ್ತಿದ ಮೇಲೆ.

ಭಾವನಿಗೆ ಆಗ ನಲವತ್ತೇಳು ವರ್ಷ. ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ರಾಗಿ, ಜೋಳ, ಬೇಸಿಗೆ ಬಂತೆಂದರೆ ಖಾರದ ಪುಡಿ. ತಗಡಿನ ಸೂರು, ಕೆಳಗೆ ಮೋಟಾರಿನ ಕಾವು. ಶೌಚಾಲಯಕ್ಕೆ ರಸ್ತೆ ದಾಟಿ ಹೋಟೆಲಿನ ಹಿಂಬದಿಗೆ ಹೋಗಬೇಕು. ಓಡುವ ಬೆಲ್ಟ್ ಬಿಟ್ಟು ಹೋಗುವ ಹಾಗಿಲ್ಲ. ಹೀಗಾಗಿ ಅವರು ವರ್ಷಗಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು: ನೀರೇ ಕುಡಿಯದಿರುವುದು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟದ ಜೊತೆ ಒಂದು ಲೋಟ, ಸಂಜೆ ಚಹಾ. ಊರಿನವರು ಕಲ್ಲಿಗೆಲ್ಲ ಬೋರ್‌ವೆಲ್ ನೀರಿನ ಗಡಸುತನವೇ ಕಾರಣ ಎನ್ನುತ್ತಾರೆ. ಮುಂದೆ ಒಬ್ಬ ವೈದ್ಯರು ಭಾವನಿಗೆ ಹೇಳಿದ್ದು ಬೇರೆ: ‘ಯಾವ ನೀರು ಎನ್ನುವುದು ಆಮೇಲೆ ಇರಲಿ, ಎಷ್ಟು ನೀರು ಎನ್ನುವುದನ್ನು ಮೊದಲು ಹೇಳಿ.’

ಏಪ್ರಿಲ್‌ನ ಒಂದು ರಾತ್ರಿ ಎರಡು ಗಂಟೆಗೆ ನೋವು ಎದ್ದಿತು. ಎಡ ಪಕ್ಕೆಯ ಹಿಂದೆ ಶುರುವಾಗಿ ಮುಂದಕ್ಕೆ, ತೊಡೆಯ ಸಂದಿಯವರೆಗೆ ಇಳಿಯಿತು. ಸವೆದ ಗಿರಣಿ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದಂತಿತ್ತು ಎಂದು ಅವರು ಹೇಳಿದ್ದು. ಎರಡು ಬಾರಿ ವಾಂತಿ. ಕೂತರೂ ಆಗದು, ಮಲಗಿದರೂ ಆಗದು. ಹೊಟ್ಟೆಯ ಬೇರೆ ಎಷ್ಟೋ ನೋವುಗಳಲ್ಲಿ ಮನುಷ್ಯ ಅಲುಗಾಡದೆ ಮಲಗುತ್ತಾನೆ. ಕಲ್ಲಿನ ನೋವಿನವನು ಮಾತ್ರ ಕೋಣೆಯ ತುಂಬ ಓಡಾಡುತ್ತಾನೆ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯೆ ಅವರ ಓಡಾಟ ನೋಡಿಯೇ ಅರ್ಧ ಊಹಿಸಿದರಂತೆ. ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟು, ಮೂತ್ರ ಪರೀಕ್ಷೆ ಮಾಡಿಸಿದರು. ಕಣ್ಣಿಗೆ ಕಾಣದ ರಕ್ತಕಣಗಳು ಅದರಲ್ಲಿದ್ದವು. ಬೆಳಗಾಗುತ್ತಲೇ ದಾವಣಗೆರೆಗೆ ಬರೆದುಕೊಟ್ಟರು.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಮೊದಲು ಕೇಳಿದ ಪ್ರಶ್ನೆ: ‘ಮೂತ್ರ ತುಂಬಿದೆಯಾ?’ ಅಲ್ಟ್ರಾಸೌಂಡಿಗೆ ಮೂತ್ರಕೋಶ ತುಂಬಿರಬೇಕು. ನೀರು ತುಂಬಿದ ಚೀಲದ ಮೂಲಕ ಶಬ್ದದ ಅಲೆಗಳು ಸಲೀಸಾಗಿ ಹಾಯುತ್ತವೆ, ಅದರ ಹಿಂದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಭಾವನ ಚೀಲ ಒಣಗಿತ್ತು. ನಾಲ್ಕು ಲೋಟ ಕುಡಿದು ಕೂತುಕೊಳ್ಳಿ ಎಂದರು. ಮುಕ್ಕಾಲು ಗಂಟೆ ಆಯಿತು, ಮತ್ತೆ ಎರಡು ಲೋಟ. ‘ಒಂದು ವಾರಕ್ಕೆ ಕುಡಿಯುವುದನ್ನು ಇಲ್ಲಿಯೇ ಕುಡಿಸಿಬಿಟ್ಟರು’ ಎಂದು ನೋವಿನ ನಡುವೆಯೂ ಗೊಣಗಿದರು.

ಎಡ ಮೂತ್ರಪಿಂಡ ಊದಿಕೊಂಡಿರುವುದು ಅಲ್ಟ್ರಾಸೌಂಡಿನಲ್ಲಿ ಕಂಡಿತು. ಕಲ್ಲು ಕಾಣಲಿಲ್ಲ. ಕರುಳಿನ ಗಾಳಿ ಅಡ್ಡ ಬಂದರೆ ಮೂತ್ರನಾಳದ ಬಹುಭಾಗ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಸಿಟಿ ಸ್ಕ್ಯಾನ್. ಇಲ್ಲಿ ಜನ ‘ಒಂದು ಸ್ಕ್ಯಾನ್ ಆಯಿತಲ್ಲ, ಇನ್ನೊಂದು ಯಾಕೆ? ದುಡ್ಡಿಗೆ’ ಎನ್ನುತ್ತಾರೆ. ಅಕ್ಕನೂ ಅಂದಳು. ಆದರೆ ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟು ಗಟ್ಟಿ ಎಂಬ ಮೂರಕ್ಕೂ ಉತ್ತರ ಸಿಗುವುದು ಸಿಟಿಯಲ್ಲೇ. ಕಲ್ಲಿನ ಸಿಟಿಗೆ ಬಣ್ಣದ ಔಷಧ ಚುಚ್ಚುವುದಿಲ್ಲ, ಅದಕ್ಕೇ ಅದನ್ನು ಪ್ಲೇನ್ ಸಿಟಿ ಎನ್ನುತ್ತಾರೆ. ಹಲಗೆಯ ಮೇಲೆ ಮಲಗಿ, ಉಸಿರು ಹಿಡಿ ಎಂದಾಗ ಹಿಡಿದು, ಬಿಡು ಎಂದಾಗ ಬಿಡುವುದು. ಹತ್ತು ನಿಮಿಷದ ಕೆಲಸ. ವರದಿ: ಎಡ ಮೂತ್ರನಾಳದ ಕೆಳಭಾಗದಲ್ಲಿ ಎಂಟು ಮಿಲಿಮೀಟರ್ ಕಲ್ಲು. ರಕ್ತದ ಕ್ರಿಯಾಟಿನಿನ್ 1.0, ಅಂದರೆ ಮೂತ್ರಪಿಂಡಗಳ ಕೆಲಸ ಸರಿಯಾಗಿದೆ.

ಎಂಟು ಮಿಲಿಮೀಟರ್ ಎನ್ನುವುದು ಬಹಳ ಪೀಕಲಾಟದ ಅಳತೆ. ಐದಕ್ಕಿಂತ ಕಡಿಮೆಯ ಕಲ್ಲು ಬಹುಪಾಲು ತಾನೇ ಹೊರಬೀಳುತ್ತದೆ. ಹತ್ತು ದಾಟಿದರೆ ಕಾಯುವುದರಲ್ಲಿ ಅರ್ಥವಿಲ್ಲ. ನಡುವಿನದಕ್ಕೆ ವೈದ್ಯರೂ ಖಚಿತವಾಗಿ ಏನನ್ನೂ ಹೇಳಲಾರರು. ಜ್ವರವಿಲ್ಲ, ಕ್ರಿಯಾಟಿನಿನ್ ಸರಿಯಿದೆ, ನೋವು ಮಾತ್ರೆಗೆ ಬಗ್ಗುತ್ತಿದೆ ಎಂದಾದ್ದರಿಂದ ಎರಡು ವಾರ ನೋಡೋಣ ಎಂದರು. ರಾತ್ರಿ ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ. ಇದು ಮೂತ್ರನಾಳದ ಕೆಳತುದಿಯನ್ನು ಸಡಿಲಿಸುತ್ತದೆ. ಮೂಲದಲ್ಲಿ ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೆ ಕೊಡುವ ಮಾತ್ರೆ. ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ, ಹಾಸಿಗೆಯಲ್ಲಿ ಒಂದು ಕ್ಷಣ ಕೂತು ಏಳಬೇಕು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು: ಚಳಿಜ್ವರ ಬಂದರೆ ಗಂಟೆಗಳನ್ನು ಎಣಿಸಬೇಡಿ, ಹೊರಟು ಬನ್ನಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ರಕ್ತಕ್ಕೆ ಏರಲು ಹೆಚ್ಚು ಹೊತ್ತು ಬೇಡ.

ಮನೆಯಲ್ಲಿ ಬಾಳೆದಿಂಡಿನ ರಸ, ಹುರುಳಿ ಕಟ್ಟಿನ ಸಾರು ಎರಡೂ ನಡೆದವು. ನನ್ನ ಅಭಿಪ್ರಾಯ ಕೇಳಿದರೆ, ಆ ಹದಿನೈದು ದಿನ ಅವರ ಹೊಟ್ಟೆಗೆ ಅಷ್ಟು ದ್ರವ ಹೋಯಿತಲ್ಲ, ಅದೇ ಲಾಭ. ಕಲ್ಲು ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಮೇ ಮೊದಲ ವಾರ ಲೇಸರ್ ಚಿಕಿತ್ಸೆ. ಇದರಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರ ಬರುವ ದಾರಿಯಲ್ಲೇ ತೆಳ್ಳನೆಯ ದೂರ್ಬೀನು ಒಳಹೋಗಿ, ಮೂತ್ರಕೋಶ ದಾಟಿ, ಮೂತ್ರನಾಳ ಹೊಕ್ಕು, ಕಲ್ಲಿನೆದುರು ನಿಲ್ಲುತ್ತದೆ. ಕೂದಲಿನಂಥ ಎಳೆಯಿಂದ ಲೇಸರ್ ಹೊಡೆದು ಪುಡಿ ಮಾಡುತ್ತಾರೆ. ಭಾವನಿಗೆ ಲೇಸರಿಗಿಂತ ಬೆನ್ನಿನ ಇಂಜೆಕ್ಷನ್ನಿನದೇ ಭಯ. ಚುಚ್ಚಿದ್ದು ಇರುವೆ ಕಚ್ಚಿದಷ್ಟು, ಆಮೇಲೆ ಕಾಲುಗಳು ನೆನೆದ ಗೋಣಿಚೀಲದ ಹಾಗೆ ಭಾರವಾದವು, ಮೂರು ಗಂಟೆಗೆ ಹೆಬ್ಬೆರಳು ಅಲುಗಿತು ಎಂದು ಆಮೇಲೆ ಎಲ್ಲರಿಗೂ ವರ್ಣಿಸಿ ಹೇಳುತ್ತಿದ್ದರು. ಚಿಕಿತ್ಸೆ ನಲವತ್ತು ನಿಮಿಷದಲ್ಲಿ ಮುಗಿಯಿತು. ರಾತ್ರಿಯಿಡೀ ಮೂತ್ರದ ಚೀಲ, ಮೊದಲ ದಿನ ಗುಲಾಬಿ ಬಣ್ಣ, ಮರುದಿನ ತಿಳಿ. ಮೂರನೆಯ ದಿನ ಮನೆ.

ಇನ್ನು ಆ ಕೊಳವೆಯ ವಿಷಯ. ಕಲ್ಲು ಕೂತಿದ್ದ ಜಾಗ ಊದಿಕೊಂಡಿರುತ್ತದೆ. ಚಿಕಿತ್ಸೆಯ ಮೇಲೆ ಇನ್ನಷ್ಟು ಊದುತ್ತದೆ, ಪುಡಿಯೂ ಇಳಿಯುತ್ತಿರುತ್ತದೆ. ಅಷ್ಟು ದಿನ ದಾರಿ ಮುಚ್ಚಿಕೊಳ್ಳದಿರಲಿ ಎಂದು ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಒಂದು ಮೆದು ಕೊಳವೆ ಇಡುತ್ತಾರೆ. ಭಾವನದು ಇಪ್ಪತ್ತಾರು ಸೆಂಟಿಮೀಟರ್ ಉದ್ದ, ಎರಡು ಮಿಲಿಮೀಟರ್ ದಪ್ಪ. ಜಾರದಿರಲೆಂದು ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದಂತೆ ಸುರುಳಿ ಸುತ್ತಿರುತ್ತವೆ. ಅದಕ್ಕೇ ಡಬಲ್ ಜೆ ಸ್ಟೆಂಟ್, ಚಿಕ್ಕದಾಗಿ ಡಿಜೆಎಸ್. 1978ರಲ್ಲಿ ಫಿನ್ನಿ ಎಂಬ ಅಮೆರಿಕದ ವೈದ್ಯರು ಇದರ ವಿವರ ಪ್ರಕಟಿಸಿದರು. ಅದಕ್ಕೂ ಹಿಂದಿನ ನೇರ ಕೊಳವೆಗಳು ಜಾರಿ ಹೊರಗೆ ಬಂದುಬಿಡುತ್ತಿದ್ದವು. ಬಹಳ ಒಳ್ಳೆಯ ವಸ್ತು, ಒಂದೇ ಒಂದು ಷರತ್ತು: ತೆಗೆಯಬೇಕು. ಕೆಲವು ವಾರ ಇರಬಹುದು, ಹೆಚ್ಚೆಂದರೆ ಮೂರು ತಿಂಗಳು. ಮೂತ್ರದಲ್ಲಿರುವ ಲವಣಗಳು ಅದರ ಮೇಲೆ ಕೂರುತ್ತ ಹೋಗುತ್ತವೆ. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ.

ಇದನ್ನು ಇಷ್ಟು ಬಿಡಿಸಿ ಭಾವನಿಗೆ ಯಾರೂ ಹೇಳಿರಲಿಲ್ಲ. ಹೇಳಲೇ ಇಲ್ಲವೆಂದಲ್ಲ. ವಾರ್ಡಿನ ಓಣಿಯಲ್ಲಿ, ನಡೆಯುತ್ತಲೇ, ಕಿರಿಯ ವೈದ್ಯರೊಬ್ಬರು ಅಕ್ಕನಿಗೆ ‘ಒಳಗೆ ಸ್ಟೆಂಟ್ ಇದೆ ಅಮ್ಮ, ಮೂರು ವಾರ ಬಿಟ್ಟು ಬನ್ನಿ’ ಎಂದಿದ್ದರು. ಅಕ್ಕನ ಒಂದು ಕೈಯಲ್ಲಿ ಬಿಲ್, ಇನ್ನೊಂದರಲ್ಲಿ ಔಷಧದ ಚೀಟಿ. ಸ್ಟೆಂಟ್ ಎಂಬ ಪದ ಕಿವಿಗೆ ಬಿತ್ತು, ಮನೆಗೂ ಬಂತು.

ಮನೆಯಲ್ಲಿ ಮೊದಲ ವಾರ ಹೇಗಿತ್ತೆಂದರೆ, ಗಂಟೆಗೊಮ್ಮೆ ಮೂತ್ರಕ್ಕೆ ಓಟ, ಹೊಯ್ಯುವಾಗ ಪಕ್ಕೆಯಲ್ಲಿ ಚಳುಕು, ಸೈಕಲ್ ತುಳಿದ ದಿನ ಕೆಂಪು. ನನಗೆ ಫೋನ್ ಮಾಡಿ ಕೇಳಿದರು: ‘ಕಲ್ಲು ತೆಗೆದರೋ, ಇಟ್ಟು ಕಳುಹಿಸಿದರೋ?’ ಇವೆಲ್ಲ ಕೊಳವೆಯ ಸಹಜ ಕಾಟ. ಕೆಳಗಿನ ಸುರುಳಿ ಮೂತ್ರಕೋಶದ ಗೋಡೆಗೆ ತಾಗುತ್ತಿರುತ್ತದೆ, ಹೊಯ್ಯುವಾಗ ಸ್ವಲ್ಪ ಮೂತ್ರ ಮೇಲಕ್ಕೆ ನುಗ್ಗುತ್ತದೆ. ಹೀಗಾಗುತ್ತದೆ ಎಂದು ಮುಂಚೆಯೇ ಹೇಳಿದ್ದರೆ, ಒಳಗೆ ಏನೋ ಇದೆ ಎಂಬ ಅರಿವಾದರೂ ಆ ಕಾಟದ ಜೊತೆ ಗಂಟುಬೀಳುತ್ತಿತ್ತು. ಹೇಳಲಿಲ್ಲವಾದ್ದರಿಂದ ಅದು ‘ಆಪರೇಷನ್ ನೋವು’ ಆಯಿತು. ಹತ್ತು ದಿನಕ್ಕೆ ದೇಹ ಒಗ್ಗಿಕೊಂಡಿತು. ಆಪರೇಷನ್ ನೋವು ಹೋಯಿತು ಎಂದುಕೊಂಡರು.

ಮೂರನೆಯ ವಾರ ಅವರ ದೊಡ್ಡಪ್ಪ ತೀರಿಕೊಂಡರು. ಹದಿಮೂರು ದಿನ ಅದರಲ್ಲೇ ಕಳೆಯಿತು. ಅದಾದ ಮೇಲೆ ಅಕ್ಕ ನೆನಪಿಸಿದ್ದು ನಿಜ. ಆಗ ಅಡ್ಡ ಬಂದವರು ಪಕ್ಕದ ಕಿರಾಣಿ ಅಂಗಡಿಯ ಯಜಮಾನರು. ‘ಸ್ಟೆಂಟ್ ತೆಗೆಯುವುದೇ? ಯಾರು ಹೇಳಿದರು? ನನ್ನದು ಎಂಟು ವರ್ಷದಿಂದ ಒಳಗೇ ಇದೆ!’ ಅವರದು ಹೃದಯದ ರಕ್ತನಾಳಕ್ಕೆ ಹಾಕಿದ ಲೋಹದ ಸ್ಟೆಂಟ್. ಅದು ಜೀವ ಇರುವವರೆಗೂ ಅಲ್ಲೇ ಇರುವಂಥದು, ತೆಗೆಯುವ ಮಾತೇ ಇಲ್ಲ. ಒಂದೇ ಪದ, ಎರಡು ಬೇರೆ ವಸ್ತು. ಇಡೀ ಪ್ರಕರಣದಲ್ಲಿ ಕೆಟ್ಟದ್ದಾದದ್ದು ಈ ಒಂದು ಮಾತಿನಿಂದ ಎಂದೇ ನಾನು ನಂಬುತ್ತೇನೆ. ಆ ಯಜಮಾನರು ಪಾಪ, ಸುಳ್ಳು ಹೇಳಿರಲಿಲ್ಲ.

ಮತ್ತು ನಾನು? ಡಿಸ್ಚಾರ್ಜ್ ಪತ್ರವನ್ನು ಅಕ್ಕ ನನಗೆ ಮೊಬೈಲಿನಲ್ಲಿ ಕಳುಹಿಸಿದ್ದಳು. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಕನ್ನಡದಲ್ಲಿ ಬರೆದು ಕೊಟ್ಟೆ. ಕೊನೆಯ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದೆ.

ಮಳೆಗಾಲದಲ್ಲಿ ಮೂರು ಸಲ ಉರಿಮೂತ್ರವಾಯಿತು. ಮೂರು ಸಲವೂ ಔಷಧ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಮೂರು ಮೂರು ದಿನ ನುಂಗಿದರು. ಕಡಿಮೆಯಾಯಿತು, ಮತ್ತೆ ಬಂತು. ಡಿಸೆಂಬರ್ ಮೊದಲ ವಾರ ಹಲ್ಲು ಕಟಕಟಿಸುವ ಚಳಿ, ನೂರಮೂರು ಡಿಗ್ರಿ ಜ್ವರ. ಮೊದಲಿನ ಆಸ್ಪತ್ರೆಗೆ ಹೋಗಲು ಸಂಕೋಚ, ಬೈಯುತ್ತಾರೆ ಎಂದು. ಬೇರೊಂದಕ್ಕೆ ಕರೆದೊಯ್ದೆವು.

ಅಲ್ಲಿನ ಮೂತ್ರರೋಗ ತಜ್ಞರು ಬೈಯಲಿಲ್ಲ. ಎಕ್ಸ್‌ರೇ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ‘ಬನ್ನಿ, ನೀವೇ ನೋಡಿ’ ಎಂದು ಭಾವನನ್ನು ಹತ್ತಿರ ಕರೆದರು. ಬೆನ್ನುಮೂಳೆಯ ಪಕ್ಕದಲ್ಲಿ ಬಿಳಿ ಗೆರೆಯೊಂದು ಮೇಲಿಂದ ಕೆಳಕ್ಕೆ ಇಳಿದಿತ್ತು. ಮೇಲಿನ ಸುರುಳಿಗೆ ತೆಳುವಾಗಿ ಸುಣ್ಣ ಬಳಿದ ಹಾಗಿತ್ತು. ಕೆಳಗೆ, ಮೂತ್ರಕೋಶದಲ್ಲಿ, ಸುರುಳಿ ಕಾಣುತ್ತಲೇ ಇರಲಿಲ್ಲ. ಆ ಜಾಗದಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಬಿಳಿ ಉಂಡೆ. ಭಾವ ಬೆರಳಿಟ್ಟು ಕೇಳಿದರು: ‘ಇದು ನನ್ನ ಒಳಗಿರುವುದಾ?’

ಕ್ರಿಯಾಟಿನಿನ್ 1.9ಕ್ಕೆ ಏರಿತ್ತು. ಹಾಗೆಂದು ಅದೇ ದಿನ ತೆಗೆಯುವ ಹಾಗಿರಲಿಲ್ಲ. ಸೋಂಕು ಇರುವಾಗ ಕಲ್ಲಿಗೆ ಕೈಹಾಕಿದರೆ ಅದು ರಕ್ತಕ್ಕೆ ಹರಡಬಹುದು. ಮೂತ್ರದ ಕಲ್ಚರ್ ಕಳುಹಿಸಿದರು. ಅದರ ಉತ್ತರಕ್ಕೆ ಎರಡು–ಮೂರು ದಿನ ಹಿಡಿಯುತ್ತದೆ, ಯಾಕೆಂದರೆ ರೋಗಾಣು ನಿಜವಾಗಿಯೂ ಬೆಳೆಯಬೇಕು, ಅದರ ಮೇಲೆ ಒಂದೊಂದೇ ಔಷಧ ಹಾಕಿ ನೋಡಬೇಕು. ಅಂಗಡಿಯಿಂದ ಮೂರು ಸಲ ತಂದು ನುಂಗಿದ್ದ ಮಾತ್ರೆಗೆ ಆ ರೋಗಾಣು ಬಗ್ಗುತ್ತಿರಲಿಲ್ಲ ಎಂಬುದು ಆ ವರದಿಯಲ್ಲೇ ಗೊತ್ತಾದದ್ದು. ಆರು ದಿನ ರಕ್ತನಾಳದ ಮೂಲಕ ಔಷಧ ಕೊಟ್ಟರು.

ಈ ನಡುವೆ ಹಳೆಯ ಕಡತ ಬೇಕಾಯಿತು: ಕೊಳವೆ ಇಟ್ಟದ್ದು ಯಾವತ್ತು, ಎಷ್ಟು ಉದ್ದ, ಇನ್ನೊಂದು ಬದಿಗೂ ಇಟ್ಟಿದ್ದಾರೆಯೇ. ನಾನು ಮೊದಲಿನ ಆಸ್ಪತ್ರೆಗೆ ಹೋಗಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟೆ. ರೋಗಿ ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ದಾಖಲೆ ಕೊಡಬೇಕು, ಮೂರು ವರ್ಷ ಅವನ್ನು ಕಾಪಾಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಕೌಂಟರಿನವರು ‘ನಾಳೆ ಬನ್ನಿ’ ಎಂದರು, ನಾಳೆ ಹೋದೆ, ಕೊಟ್ಟರು. ಆಪರೇಷನ್ ಟಿಪ್ಪಣಿಯ ಹಾಳೆಗೆ ಕೊಳವೆಯ ಪೊಟ್ಟಣದ ಅಂಟುಚೀಟಿಯನ್ನು ನೀಟಾಗಿ ಹಚ್ಚಿದ್ದರು, ಅಳತೆ, ತಯಾರಿಕೆಯ ಸಂಖ್ಯೆ ಸಮೇತ. ವಸ್ತುವಿನ ಲೆಕ್ಕ ಅಚ್ಚುಕಟ್ಟಾಗಿತ್ತು. ಅದು ಯಾರ ಒಳಗಿದೆ, ವಾಪಸು ಬಂತೇ ಎಂದು ನೋಡುವವರು ಇರಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಸ್ಟೆಂಟ್ ರಿಜಿಸ್ಟರ್ ಎಂದು ಒಂದು ಪುಸ್ತಕ ಇಡುತ್ತಾರೆ. ತಾರೀಕು ದಾಟಿದವರಿಗೆ ಯಾರಾದರೂ ಕೂತು ಫೋನ್ ಮಾಡುತ್ತಾರೆ. ಅದಕ್ಕೆ ಬೇಕಾದದ್ದು ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ನು.

ಎರಡನೆಯ ಚಿಕಿತ್ಸೆಗೆ ಸುಮಾರು ಎರಡು ಗಂಟೆ ಹಿಡಿಯಿತು. ಮೊದಲು ಮೂತ್ರಕೋಶದ ಉಂಡೆಯನ್ನು ಲೇಸರಿನಿಂದ ಒಡೆದರು. ಆಮೇಲೆ ಕೊಳವೆಯ ಪಕ್ಕದಲ್ಲೇ ದೂರ್ಬೀನು ಹತ್ತಿಸಿ, ನಡುವೆ ಕಟ್ಟಿದ್ದ ಪದರ ಬಿಡಿಸಿ, ನಿಧಾನವಾಗಿ ಎಳೆದರು. ಜೋರಾಗಿ ಎಳೆದರೆ ಮೂತ್ರನಾಳ ಹರಿಯಬಹುದು, ಕೊಳವೆಯೇ ತುಂಡಾಗಬಹುದು. ಮೇಲಿನ ಸುರುಳಿಯಲ್ಲೂ ಉಂಡೆ ಕಟ್ಟಿದ್ದರೆ ಬೆನ್ನಿನಿಂದ ರಂಧ್ರ ಮಾಡಿ ಮೂತ್ರಪಿಂಡಕ್ಕೇ ಇಳಿಯಬೇಕಾಗುತ್ತಿತ್ತು. ಆ ಮಟ್ಟಿಗೆ ಬಚಾವಾದರು. ಬಿಲ್ ಮೊದಲಿನದರ ಎರಡೂವರೆ ಪಟ್ಟು. ಅವರದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದ್ದರೆ, ಎಪಿಎಲ್‌ನವರಿಗೆ ಸಿಗುವುದು ನಿಗದಿತ ದರದ ಶೇಕಡಾ ಮೂವತ್ತು ಮಾತ್ರ. ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿಸಿದ್ದಿರಬೇಕು. ಇದು ನೋಂದಾಯಿಸಿರಲಿಲ್ಲ.

ಎಚ್ಚರವಾದ ಮೇಲೆ ವೈದ್ಯರು ಬಂದು ಹೇಳಿದ ಮೊದಲ ಮಾತು: ‘ಹಳೆಯದು ಪೂರ್ತಿ ಬಂತು. ಆದರೆ ಹೊಸದೊಂದು ಇಟ್ಟಿದ್ದೇನೆ.’ ಭಾವನ ಮುಖ ನೋಡಬೇಕಿತ್ತು. ಆದರೆ ಈ ಸಲ ವೈದ್ಯರು ಹೋಗಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತರು. ಕಾಗದದ ಮೇಲೆ ಎರಡು ಹುರುಳಿಕಾಳು ಬರೆದು, ಒಂದರಿಂದ ಗೆರೆ ಎಳೆದು, ಎರಡೂ ತುದಿ ಸುತ್ತಿ ತೋರಿಸಿದರು. ಇದು ಹೃದಯದ್ದಲ್ಲ, ಇದು ಉಳಿಯುವಂಥದಲ್ಲ, ಹದಿನಾಲ್ಕನೆಯ ದಿನ ಸೋಮವಾರ, ಬೆಳಿಗ್ಗೆ ಹತ್ತಕ್ಕೆ. ಅಕ್ಕ ಆ ಕಾಗದವನ್ನೇ ಗಿರಣಿಯ ಕ್ಯಾಲೆಂಡರಿಗೆ ಪಿನ್ ಹಾಕಿ ಸಿಕ್ಕಿಸಿದಳು. ಹಿಟ್ಟು ಬೀಸಿಸಲು ಬಂದವರೆಲ್ಲ ‘ಸೋಮವಾರ ಅಲ್ಲವೇ?’ ಎಂದು ಕೇಳುವಂತಾಯಿತು.

ತೆಗೆಯುವುದಕ್ಕೆ ಮತ್ತೊಂದು ಆಪರೇಷನ್ ಎಂದು ಭಾವ ಅಂದುಕೊಂಡಿದ್ದರು. ಮೊದಲ ಸಲ ಹೋಗದಿರಲು ಅದೂ ಒಂದು ಕಾರಣ ಎಂದು ಆಮೇಲೆ ಒಪ್ಪಿಕೊಂಡರು. ಆದದ್ದು ಇಷ್ಟು: ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ ಹಾಕಿ ಹತ್ತು ನಿಮಿಷ ಬಿಟ್ಟರು, ದೂರ್ಬೀನಿನ ಚಿಮಟದಿಂದ ಕೆಳಗಿನ ಸುರುಳಿ ಹಿಡಿದರು, ಎಳೆದರು. ಒಳಗಿನಿಂದ ದಾರ ಜಗ್ಗಿದ ಹಾಗೆ ಒಂದು ಕ್ಷಣ. ಮೇಜು ಹತ್ತಿ ಇಳಿಯುವುದರೊಳಗೆ ಮುಗಿದಿತ್ತು. ಒಂದು ದಿನ ಉರಿ, ಅಷ್ಟೇ. ಹೊರಡುವ ಮುಂಚೆ ಅವರು ಕೇಳಿದರು: ‘ಈಗ ಒಳಗೆ ಏನೂ ಇಲ್ಲ ತಾನೇ ಸಾರ್? ಬರೆದುಕೊಡಿ.’ ವೈದ್ಯರು ನಗುತ್ತಲೇ ‘ಸ್ಟೆಂಟ್ ತೆಗೆಯಲಾಗಿದೆ’ ಎಂದು ಕನ್ನಡದಲ್ಲಿ ಬರೆದು, ತಾರೀಕು ಹಾಕಿದರು. ಯಾವ ಆಸ್ಪತ್ರೆಯಿಂದ ಯಾರನ್ನು ಬಿಡಿಸಿಕೊಂಡು ಬರುವಾಗಲೂ ನಾನು ಈಗ ಇದೊಂದನ್ನು ಕೇಳುತ್ತೇನೆ, ಒಳಗೆ ಏನಾದರೂ ಉಳಿದಿದೆಯೇ ಎಂದು. ಹೊಲಿಗೆ, ಕೊಳವೆ, ಇನ್ನೂ ಬಾರದ ಬಯಾಪ್ಸಿ ವರದಿ, ಯಾವುದಾದರೂ ಸರಿ.

ಒಡೆದ ಕಲ್ಲಿನ ಚೂರನ್ನು ಪರೀಕ್ಷೆಗೆ ಕಳುಹಿಸಿದ್ದರು. ಹೆಚ್ಚಿನದು ಕ್ಯಾಲ್ಸಿಯಂ ಆಕ್ಸಲೇಟ್, ಎಲ್ಲರಲ್ಲೂ ಹೆಚ್ಚಾಗಿ ಸಿಗುವುದೂ ಅದೇ. ಅಕ್ಕ ಅಷ್ಟರಲ್ಲಿ ಟೊಮೆಟೊ, ಮೊಸರು ಎರಡನ್ನೂ ಅಡುಗೆಮನೆಯಿಂದ ಗಡೀಪಾರು ಮಾಡಿದ್ದಳು. ಟೊಮೆಟೊ ಬೀಜ ಹೋಗಿ ಕಲ್ಲಾಗುವುದಿಲ್ಲ, ಮೊಸರನ್ನಂತೂ ಬಿಡಲೇಬಾರದು ಎಂದರು ವೈದ್ಯರು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ. ಕ್ಯಾಲ್ಸಿಯಂ ಬಿಟ್ಟರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು. ಅಂದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಇದು ಭಾವನಿಗೆ ಎರಡು ಆಪರೇಷನ್ನಿಗಿಂತ ದೊಡ್ಡ ಶಿಕ್ಷೆಯಾಯಿತು.

ನೀರಿನ ಲೆಕ್ಕವನ್ನು ವೈದ್ಯರು ಹೇಳಿಕೊಟ್ಟ ಬಗೆ ನನಗೆ ಹಿಡಿಸಿತು. ಎಷ್ಟು ಕುಡಿದಿರಿ ಎನ್ನುವುದನ್ನು ಬಿಡಿ, ಎಷ್ಟು ಹೊರಗೆ ಬಂತು ನೋಡಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗಬೇಕು ಎಂದರು. ಗಿರಣಿಯಲ್ಲಿ ಬೆವರಿ ಹೋಗುವುದೇ ಒಂದು ಲೀಟರ್ ಇರಬಹುದು, ಅದು ಲೆಕ್ಕಕ್ಕಿಲ್ಲ. ಒಂದು ಭಾನುವಾರ ಭಾವ ಹಳೆಯ ಎಣ್ಣೆ ಕ್ಯಾನಿನಲ್ಲಿ ಇಪ್ಪತ್ನಾಲ್ಕು ಗಂಟೆಯದನ್ನು ಹಿಡಿದು ಅಳೆದರು. ಒಂಬೈನೂರು ಮಿಲಿಲೀಟರ್. ಮರುವಾರ ಗಿರಣಿಯ ಹಿಂಗೋಡೆಗೆ ಒತ್ತಿಸಿ ಒಂದು ಶೌಚಾಲಯ ಕಟ್ಟಿಸಲು ಗಾರೆ ಕೆಲಸದವನನ್ನು ಕರೆಸಿದರು. ಎರಡು ಬಿಲ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಖರ್ಚು ಏನೂ ಅಲ್ಲ.

ಆರು ವಾರಕ್ಕೆ ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ಆರು ತಿಂಗಳಿಗೆ ಮರು ಸ್ಕ್ಯಾನ್, ಅದೇ ಹಳೆಯ ಕೇಂದ್ರದಲ್ಲಿ. ಚೀಟಿ ಬರೆಯುತ್ತಿದ್ದ ಹುಡುಗಿ ತಲೆಯೆತ್ತದೆ, ‘ನಾಲ್ಕು ಲೋಟ ನೀರು ಕುಡಿದು ಕೂತುಕೊಳ್ಳಿ’ ಎಂದಳು.

‘ಕುಡಿದೇ ಬಂದಿದ್ದೇನೆ ತಾಯಿ’ ಎಂದರು ಭಾವ, ಒಂದು ಕಾಲ ಮೇಲೊಂದು ಕಾಲು ಒತ್ತಿಕೊಂಡು, ‘ದಯವಿಟ್ಟು ಬೇಗ ಕರೆಸು.’